ಗೇರುಬೀಜ ಹಡಗು ಹತ್ತಿದರೆ ದೇಶ ಬೆಳೆಯುತ್ತದಾ?

ಪ್ರಶ್ನೆ: ಮಾಸ್ಟ್ರೇ, ಕೃಷಿ ರಫ್ತು ಜಾಸ್ತಿಯಾದರೆ ಬಡ ದೇಶಗಳು ಬೇಗ ಮುಂದೆ ಬರುತ್ತವೆ ಅಂತ ಓದುತ್ತಿರುತ್ತೇನೆ. ಇದು ನಿಜವಾ? ನಮ್ಮದು ಅಡಿಕೆ ತೋಟ, ಜೊತೆಗೆ ಒಳ್ಳೆಮೆಣಸು (ಕರಿಮೆಣಸು), ಗುಡ್ಡೆಯಲ್ಲಿ ಸ್ವಲ್ಪ ಗೇರು. ಅಡಿಕೆ ಕಡಿದು ರಫ್ತಾಗುವ ಬೆಳೆ ಹಾಕಬೇಕಾ?
— ಕೃಷಿಕರೊಬ್ಬರು, ಬದಿಯಡ್ಕ

ಉತ್ತರ: ಅರ್ಧ ನಿಜ. ರಫ್ತಿನಿಂದ ಡಾಲರ್ ಬರುತ್ತದೆ. ಆ ಡಾಲರಿನಿಂದ ಎಣ್ಣೆ, ಗೊಬ್ಬರ, ಯಂತ್ರ ತರಿಸಬಹುದು. ವಿಯೆಟ್ನಾಂ 1986ರಲ್ಲಿ ಆರ್ಥಿಕ ನೀತಿ ಸಡಿಲಿಸಿತು. ಅಕ್ಕಿ ತರಿಸಿಕೊಂಡು ಉಣ್ಣುತ್ತಿದ್ದ ದೇಶ 1989ರ ಹೊತ್ತಿಗೆ ಅಕ್ಕಿ ಮಾರತೊಡಗಿತು. ಇವತ್ತು ಒಳ್ಳೆಮೆಣಸಿನಲ್ಲಿ ಅದೇ ಮೊದಲು, ಕಾಫಿಯಲ್ಲಿ ಬ್ರೆಜಿಲ್ ಬಿಟ್ಟರೆ ಅದೇ. ಆದರೆ ಅಲ್ಲಿ ರೈತನ ಕೈಗೆ ಭೂಮಿ ಸಿಕ್ಕಿತ್ತು, ನೀರಾವರಿ ಇತ್ತು, ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಎಲ್ಲವನ್ನೂ ರಫ್ತಿನ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ.

ನಿಮ್ಮ ಗುಡ್ಡೆಯ ಗೇರನ್ನೇ ತೆಗೆದುಕೊಳ್ಳಿ. 1970ರ ದಶಕದ ಆರಂಭದಲ್ಲಿ ಆಫ್ರಿಕಾದ ಮೊಜಾಂಬಿಕ್ ಗೇರು ಬೆಳೆಯುವುದರಲ್ಲಿ ದೊಡ್ಡ ಹೆಸರು. 1990ರ ದಶಕದಲ್ಲಿ ವಿಶ್ವಬ್ಯಾಂಕ್ ಒಂದು ಸಲಹೆ ಕೊಟ್ಟಿತು: ಹಸಿ ಬೀಜದ ರಫ್ತಿನ ಮೇಲಿನ ತೆರಿಗೆ ಇಳಿಸಿ, ರೈತರಿಗೆ ಒಳ್ಳೆ ರೇಟು ಸಿಗುತ್ತದೆ. ತೆರಿಗೆ ಇಳಿಯಿತು, ಬೀಜ ಹಡಗು ಹತ್ತಿತು. ಬಂದದ್ದು ಹೆಚ್ಚಾಗಿ ನಮ್ಮ ಭಾರತಕ್ಕೇ! ಅಲ್ಲಿಯ ಕಾರ್ಖಾನೆಗಳು ಮುಚ್ಚಿದವು, ಸಾವಿರಾರು ಜನ ಕೆಲಸ ಕಳೆದುಕೊಂಡರು. ರೈತನಿಗೆ ಸಿಕ್ಕಿದ್ದು ಚೂರುಪಾರು. ಬೀಜ ಒಡೆಯುವುದು, ಸಿಪ್ಪೆ ತೆಗೆಯುವುದು, ಗ್ರೇಡ್ ಮಾಡುವುದು, ಈ ಕೂಲಿಯೆಲ್ಲ ಸಮುದ್ರ ದಾಟಿ ಬಂತು.

ನಮ್ಮ ಸರದಿಯೂ ಬಂತು ಅನ್ನಿ. ಯಂತ್ರ ಹಾಕಿಕೊಂಡ ವಿಯೆಟ್ನಾಂ 2006ರ ಸುಮಾರಿಗೆ ಗೇರು ತಿರುಳಿನ ರಫ್ತಿನಲ್ಲಿ ನಮ್ಮನ್ನು ಹಿಂದೆ ಹಾಕಿತು. ಈಗ ಅತಿ ಹೆಚ್ಚು ಗೇರು ಬೆಳೆಯುವ ಐವರಿ ಕೋಸ್ಟ್‌ನಿಂದ ಬಹುಪಾಲು ಬೀಜ ಹಾಗೇ ಹೊರಗೆ ಹೋಗುತ್ತದೆ. ಹಾಗಾಗಿ ಎಷ್ಟು ಟನ್ ಹೋಯಿತು ಅನ್ನುವುದಕ್ಕಿಂತ ಯಾವ ರೂಪದಲ್ಲಿ ಹೋಯಿತು ಅಂತ ಕೇಳಿ.

ಇನ್ನೊಂದು ಲೆಕ್ಕವನ್ನು ನಿಮ್ಮಂಥ ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸರ್ಕಾರಿ ಗೇರು ತೋಟಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ, 2000ದವರೆಗೆ, ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ತಿರುಳು ಮಾರಿ ಬಂದ ಡಾಲರ್ ಲೆಕ್ಕದಲ್ಲಿದೆ. ಆ ತೋಟಗಳ ಪಕ್ಕದ ಎಣ್ಮಕಜೆ ಊರಿನ ಮನೆಗಳ ಕಾಯಿಲೆ ಆ ಪುಸ್ತಕದ ಯಾವ ಪುಟದಲ್ಲೂ ಇಲ್ಲ. ಆಸ್ಪತ್ರೆ ಬಿಲ್ಲು ಕೂಡ ಜಿಡಿಪಿಗೇ, ಅಂದರೆ ದೇಶದ ಒಟ್ಟು ಉತ್ಪನ್ನದ ಲೆಕ್ಕಕ್ಕೇ ಸೇರುತ್ತದೆ, ನಮ್ಮ ಅರ್ಥಶಾಸ್ತ್ರದ ವಿಚಿತ್ರ ಅದು.

ಈಗ ನಿಮ್ಮ ತೋಟ. ಅಡಿಕೆ ಕಡಿಯಬೇಡಿ, ರಫ್ತಿಗಾಗಿಯಂತೂ ಬೇಡವೇ ಬೇಡ. ಅದರ ಗಿರಾಕಿ ಹೆಚ್ಚಾಗಿ ದೇಶದೊಳಗೇ ಇದ್ದಾನೆ. ಒಳ್ಳೆಮೆಣಸಿಗೆ ವಿಯೆಟ್ನಾಂ ಬೆಲೆಯ ಬಿಸಿ ತಟ್ಟುತ್ತದೆ. ಅದಕ್ಕೇ 2017ರಲ್ಲಿ ಕೇಂದ್ರ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಇಟ್ಟಿತು, ಅಂದರೆ ಅದಕ್ಕಿಂತ ಅಗ್ಗದ ಮೆಣಸು ಹೊರಗಿನಿಂದ ತರಿಸುವಂತಿಲ್ಲ ಅಂತ. ಗೇರಿಗೆ ಊರಲ್ಲೇ ತಿನ್ನುವವರು ಬೇಕಾದಷ್ಟು ಜನ ಇದ್ದಾರೆ. ಗುಡ್ಡೆಯಲ್ಲಿ ಜಾಗ ಉಳಿದಿದ್ದರೆ ಪುತ್ತೂರಿನ ಗೇರು ಸಂಶೋಧನಾ ಕೇಂದ್ರದಲ್ಲಿ ಕಸಿ ಗಿಡ ವಿಚಾರಿಸಿ. ಬೀಜವನ್ನು ಹೆಕ್ಕಿದ ದಿನವೇ ಅಂಗಡಿಗೆ ಹಾಕಬೇಡಿ. ಎರಡು ಮೂರು ಬಿಸಿಲು ಒಣಗಿಸಿ, ಪೊಳ್ಳು ಆರಿಸಿ ತೆಗೆದು ಕೊಡಿ.