ಶುಕ್ರವಾರ ತಪ್ಪಿಸಿಕೊಳ್ಳುತ್ತಿದ್ದ ಹುಡುಗ, ಐದು ವಾರಕ್ಕೆ ಮಾಯವಾದ ಮೆಂಟರ್

ಅಮೆರಿಕದ ಟೆಕ್ಸಸ್ ರಾಜ್ಯದ ನಡುಭಾಗದಲ್ಲಿರುವ ಒಂದು ಸರ್ಕಾರಿ ಹೈಸ್ಕೂಲಿನ ಪ್ರಕರಣ ಇದು. ಹುಡುಗನಿಗೆ 16 ವರ್ಷ. ಅಪ್ಪ ಅಮ್ಮ ಮೆಕ್ಸಿಕೊದಿಂದ ಬಂದವರು, ಮನೆಮಾತು ಸ್ಪ್ಯಾನಿಷ್. ಇಲ್ಲಿ ಅವನನ್ನು ಡಿಯೇಗೊ ಎನ್ನೋಣ. ಗುರುತು ಸಿಗಬಾರದೆಂದು ಹೆಸರಿನ ಜೊತೆ ಮನೆಯ ಕೆಲವು ವಿವರಗಳನ್ನೂ ಬದಲಿಸಿದೆ. ಹತ್ತನೇ ತರಗತಿಯಲ್ಲಿರಬೇಕಾದವನು ಇನ್ನೂ ಒಂಬತ್ತನೆಯವರ ಪಟ್ಟಿಯಲ್ಲೇ ಇದ್ದ. ಗಣಿತದ ಶಿಕ್ಷಕರು ಆಪ್ತಸಲಹೆಗೆ ಕಳಿಸಿದ ಚೀಟಿಯಲ್ಲಿ ಹೀಗಿತ್ತು: ಗೈರು ಹೆಚ್ಚು, ಓದಿನಲ್ಲಿ ಆಸಕ್ತಿ ಇಲ್ಲ, ಒಬ್ಬ ಮೆಂಟರ್ (ಜೊತೆ ನಿಂತು ದಾರಿ ತೋರುವ ಹಿರಿಯ) ಕೊಟ್ಟರೆ ಒಳ್ಳೆಯದು. ಗೈರು ನಿಜ. ಆಸಕ್ತಿಯ ಮಾತು ಊಹೆ. ಮೆಂಟರನ್ನು ಹಿಂದಿನ ವರ್ಷವೇ ಕೊಟ್ಟು ಕೆಟ್ಟಿತ್ತು, ಅದು ಚೀಟಿಯಲ್ಲಿರಲಿಲ್ಲ.

ಹಳದಿ ಬಳಿದ ಹಾಳೆ

"ಯಾಕಪ್ಪ ಶಾಲೆಗೆ ಬರಲ್ಲ?" ಎಂದು ಶುರುಮಾಡಿದರೆ ಈ ವಯಸ್ಸಿನ ಹುಡುಗರಿಂದ "ಗೊತ್ತಿಲ್ಲ" ಬಿಟ್ಟು ಬೇರೆ ಉತ್ತರ ಬರುವುದಿಲ್ಲ. ಸಲಹೆಗಾರರು ಹಿಂದಿನ ವರ್ಷದ ಮೊದಲ ಸೆಮಿಸ್ಟರಿನ ಹಾಜರಾತಿ ಹಾಳೆಯನ್ನು ಮೇಜಿನ ಮೇಲಿಟ್ಟು, ಗೈರಾದ ದಿನಗಳಿಗೆ ಹಳದಿ ಬಳಿಯುವ ಕೆಲಸವನ್ನು ಅವನಿಗೇ ಕೊಟ್ಟರು. ಬಣ್ಣವೆಲ್ಲ ಒಂದೇ ಕಂಬದಲ್ಲಿ ನಿಂತಿತು. 86 ದಿನಗಳಲ್ಲಿ 17 ಗೈರು, ಹದಿನೇಳೂ ಶುಕ್ರವಾರ. ಹುಡುಗ ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತಿರುವುತ್ತಾ ಕೂತು, ಆಮೇಲೆ ತಾನಾಗಿಯೇ ಬಾಯಿಬಿಟ್ಟ.

ಕಟ್ಟಡ ಕೆಲಸದಲ್ಲಿ ಬಿದ್ದು ಅಪ್ಪನ ಭುಜಕ್ಕೆ ಪೆಟ್ಟಾಗಿತ್ತು. ಟೆಕ್ಸಸ್‌ನಲ್ಲಿ ಖಾಸಗಿ ಮಾಲೀಕರು ಕಾರ್ಮಿಕ ಪರಿಹಾರ ವಿಮೆ ಮಾಡಿಸಲೇಬೇಕೆಂಬ ಕಡ್ಡಾಯವಿಲ್ಲ. ಅಪ್ಪನ ಮಾಲೀಕ ಮಾಡಿಸಿರಲಿಲ್ಲ. ಅಮ್ಮ ಕಚೇರಿಗಳಲ್ಲಿ ರಾತ್ರಿ ಸ್ವಚ್ಛತೆಯ ಕೆಲಸಕ್ಕೆ ಹೋಗುತ್ತಿದ್ದರು. ಸೋದರಮಾವ ಮನೆಗಳ ಛಾವಣಿ ಹೊದಿಸುವ ತಂಡ ಇಟ್ಟುಕೊಂಡಿದ್ದ. ಶುಕ್ರವಾರ ಹೋದರೆ 120 ಡಾಲರ್ ಕೈಗೆ. ಮನೆಯ ವಿದ್ಯುತ್ ಬಿಲ್ಲು ಅದರಲ್ಲೇ ಕಟ್ಟುತ್ತಿದ್ದದ್ದು. ಇದನ್ನು ಹೇಳುವಾಗ ಹುಡುಗನ ದನಿಯಲ್ಲಿ ಅಳುಕಿರಲಿಲ್ಲ, ಹೆಮ್ಮೆ ಇತ್ತು. ಈ ಹೆಮ್ಮೆಯನ್ನು ತಪ್ಪೆಂದು ತೋರಿಸಲು ಹೊರಟವರ ಮಾತನ್ನು ಅವನು ಮುಂದೆ ಕೇಳುವುದಿಲ್ಲ. ಇಡೀ ಪ್ರಕರಣದ ಕೀಲಿ ಇದ್ದದ್ದು ಅಲ್ಲೇ.

ಅವನ ಪ್ರಕಾರ ಅವನು "ಎಲ್ಲದರಲ್ಲೂ ಫೇಲ್". ದಾಖಲೆ ಬೇರೆಯೇ ಹೇಳುತ್ತಿತ್ತು. ಟೆಕ್ಸಸ್‌ನಲ್ಲಿ ಪಾಸಾಗಲು 70 ಬೇಕು. ಏಳು ವಿಷಯಗಳಲ್ಲಿ ಐದರಲ್ಲಿ ಅವನು ಪಾಸು, ಆಲ್ಜಿಬ್ರಾದಲ್ಲೂ 72. ಆದರೆ ತರಗತಿ ನಡೆದ ದಿನಗಳಲ್ಲಿ ಶೇ. 90ರಷ್ಟಾದರೂ ಹಾಜರಿರದಿದ್ದರೆ ಅಂಕ ಎಷ್ಟೇ ಇರಲಿ, ಆ ವಿಷಯದ ಕ್ರೆಡಿಟ್ (ವಿಷಯ ಮುಗಿಸಿದ್ದಾನೆಂದು ಶಾಲೆ ಹಾಕುವ ಲೆಕ್ಕ) ಕೊಡುವುದಿಲ್ಲ. ಅವನದು ಶೇ. 80. ಸೆಮಿಸ್ಟರಿಗೆ ವಿಷಯಕ್ಕೆ ಅರ್ಧ ಕ್ರೆಡಿಟ್‌ನಂತೆ ಎರಡೂವರೆ ಕ್ರೆಡಿಟ್ ತಡೆಹಿಡಿದಿತ್ತು. ಹೈಸ್ಕೂಲು ಮುಗಿಸಲು ಕನಿಷ್ಠ 22 ಬೇಕಾದ ಕಡೆ ಇದು ಚಿಕ್ಕ ಮೊತ್ತವಲ್ಲ. ಈ ಬಗ್ಗೆ ಶಾಲೆಯಿಂದ ಮನೆಗೆ ಪತ್ರ ಹೋಗಿತ್ತು, ಇಂಗ್ಲಿಷಿನಲ್ಲಿ. ಆ ಮನೆಯಲ್ಲಿ ಇಂಗ್ಲಿಷ್ ಪತ್ರ ಓದಿ ಹೇಳುವವನು ಡಿಯೇಗೊ ಒಬ್ಬನೇ!

ಮೊದಲ ಮೆಂಟರ್ ಯಾಕೆ ಉಪಯೋಗಕ್ಕೆ ಬರಲಿಲ್ಲ

ಟೆಕ್ಸಸ್‌ನ ಸರ್ಕಾರಿ ಶಾಲೆಗಳ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ಮಕ್ಕಳು. ಕಾಲೇಜಿನ ಮೆಟ್ಟಿಲು ಹತ್ತುವ ಹೊತ್ತಿಗೆ ಅವೇ ಮನೆಗಳ ಹೆಣ್ಣುಮಕ್ಕಳು ಮುಂದೆ, ಗಂಡುಮಕ್ಕಳು ಹಿಂದೆ. ವಿಕ್ಟರ್ ಸಾಯೆನ್ಸ್ ಮತ್ತು ಲೂಯಿಸ್ ಪೊನ್ಹುವಾನ್ ಎಂಬ ಇಬ್ಬರು ಸಂಶೋಧಕರು 2009ರಲ್ಲಿ ಇದನ್ನು ಎತ್ತಿ ಬರೆದರು. ಮರುವರ್ಷ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ 'ಪ್ರಾಜೆಕ್ಟ್ ಮೇಲ್ಸ್' ಶುರುವಾಯಿತು: ಕಾಲೇಜಿನ ಹುಡುಗರು ಹತ್ತಿರದ ಶಾಲೆಗಳಿಗೆ ಹೋಗಿ, ತಮಗಿಂತ ನಾಲ್ಕಾರು ವರ್ಷ ಚಿಕ್ಕವರಿಗೆ ಅಣ್ಣನಂತೆ ಜೊತೆಯಾಗುವುದು. ಕ್ಯಾಲಿಫೋರ್ನಿಯಾದಲ್ಲಿ 1981ರಿಂದ ಇರುವ 'ಪುಯೆಂತೆ' ಇನ್ನೂ ಹಳೆಯದು. ಅಲ್ಲಿ ಬರವಣಿಗೆಯ ತರಗತಿ, ಆಪ್ತಸಲಹೆ, ಮೆಂಟರ್ ಮೂರೂ ಒಟ್ಟಿಗೆ.

ಡಿಯೇಗೊನ ಶಾಲೆಯೂ ಈ ಮಾದರಿ ನೋಡಿಯೇ ಒಬ್ಬ ಕಾಲೇಜು ಹುಡುಗನನ್ನು ಕರೆಸಿತ್ತು. ಅಕ್ಟೋಬರ್ ಕೊನೆಗೆ ಜೋಡಿ ಮಾಡಿದರು. ಆ ಕಾಲೇಜು ಹುಡುಗ ಐದು ವಾರ ಬಂದ. ಕಾಲೇಜಿನ ಪರೀಕ್ಷೆ ಬಂತು, ರಜೆ ಬಂತು, ಜನವರಿಯಲ್ಲಿ ಅವನ ವೇಳಾಪಟ್ಟಿ ಬದಲಾಯಿತು. ಬರುವುದಿಲ್ಲ ಎಂದು ಹೇಳಿ ಹೋಗುವಷ್ಟೂ ಯಾರಿಗೂ ತೋಚಲಿಲ್ಲ. ಡಿಯೇಗೊ ಎರಡು ಬುಧವಾರ ಗ್ರಂಥಾಲಯದಲ್ಲಿ ಕಾದು ಕೂತಿದ್ದನಂತೆ.

ಇದನ್ನು ಸಣ್ಣ ವಿಷಯವೆಂದು ತಿಳಿಯಬಾರದು. ಮಕ್ಕಳಿಗೆ ಮೆಂಟರ್ ಜೋಡಿಸುವ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಸಂಸ್ಥೆಯ ಜೋಡಿಗಳ ಮಾಹಿತಿ ಇಟ್ಟುಕೊಂಡು ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷ ದಾಟಿದ ಜೋಡಿಗಳ ಮಕ್ಕಳಿಗೇ ಹೆಚ್ಚು ಲಾಭ ಕಂಡಿತು. ಮೂರು ತಿಂಗಳೊಳಗೆ ಮುರಿದ ಜೋಡಿಗಳ ಮಕ್ಕಳಿಗೆ ತಮ್ಮ ಬಗ್ಗೆ ತಮಗಿದ್ದ ಬೆಲೆಯೇ ಮೊದಲಿಗಿಂತ ಇಳಿದಿತ್ತು. ಅಂದರೆ ಅರ್ಧಕ್ಕೆ ಬಿಡುವ ಮೆಂಟರಿಗಿಂತ ಮೆಂಟರ್ ಇಲ್ಲದಿರುವುದೇ ವಾಸಿ. ಅಕ್ಟೋಬರ್ ಕೊನೆಗೆ ಜೋಡಿ ಮಾಡಿದ್ದೇ ಮೂಲ ತಪ್ಪು: ಡಿಸೆಂಬರ್ ಪರೀಕ್ಷೆಗೆ ಮುಂಚೆ ಆರು ವಾರವೂ ಉಳಿದಿರುವುದಿಲ್ಲ. ಕಾಲೇಜು ಹುಡುಗರನ್ನು ತೆಗೆದುಕೊಳ್ಳುವುದಾದರೆ ಆಯ್ಕೆ, ಹಿನ್ನೆಲೆ ಪರಿಶೀಲನೆ, ತರಬೇತಿ ಇವಿಷ್ಟನ್ನೂ ಮೇ ತಿಂಗಳಲ್ಲೇ ಮುಗಿಸಿ, ಶಾಲೆ ತೆರೆದ ಮೂರನೇ ವಾರಕ್ಕೆ ಭೇಟಿ ಶುರುವಾಗಬೇಕು.

ಕೊಟ್ಟ ಸಲಹೆ: ಮೊದಲು ಕ್ರೆಡಿಟ್, ಆಮೇಲೆ ಮೆಂಟರ್

"ಹೊಸ ಮೆಂಟರ್ ಬೇಕಾ?" ಎಂದದ್ದಕ್ಕೆ ಡಿಯೇಗೊ ಬೇಡವೆಂದ. ಸಲಹೆಗಾರರು ಒತ್ತಾಯಿಸಲಿಲ್ಲ. ಮಾತು ಉಳಿಸಿಕೊಳ್ಳದ ಶಾಲೆ ಇನ್ನೊಂದು ಮಾತು ಕೊಡುವ ಮೊದಲು ಕಣ್ಣಿಗೆ ಕಾಣುವ ಒಂದು ಕೆಲಸ ಮಾಡಿ ತೋರಿಸಬೇಕಿತ್ತು.

ಹಾಜರಾತಿ ಶೇ. 75 ದಾಟಿ 90ರೊಳಗಿದ್ದರೆ, ಪ್ರಿನ್ಸಿಪಾಲರು ಒಪ್ಪಿದ ಯೋಜನೆಯಂತೆ ಬಾಕಿ ಪೂರೈಸಿ ಕ್ರೆಡಿಟ್ ಪಡೆಯಲು ಕಾನೂನಿನಲ್ಲೇ ದಾರಿಯಿದೆ. ಸಲಹೆಗಾರರು ಐದು ವಿಷಯಗಳಿಗೂ ಒಂದೇ ಅರ್ಜಿ ಬರೆಸಿದರು. ಮೊದಲ ಕರಡು ಹುಡುಗನದೇ ಕೈಬರಹ. ಮಂಗಳವಾರ ಮತ್ತು ಗುರುವಾರ ಶಾಲೆ ಬಿಟ್ಟ ಮೇಲೆ ಒಂದೂವರೆ ಗಂಟೆ ಕೂತು ಬಾಕಿ ತುಂಬುವ ಯೋಜನೆ ಒಪ್ಪಿಗೆಯಾಯಿತು. ಶನಿವಾರದ ತರಗತಿಗೆ ಹಾಕುವುದು ಶಾಲೆಗೆ ಸುಲಭವಿತ್ತು, ಆದರೆ ಶನಿವಾರ ಅವನ ದುಡಿಮೆಗೆ ಬೇಕು. ಹುಡುಗನ ದುಡಿಮೆಯ ದಿನ ನೋಡದೆ ಹಾಕಿದ ಯೋಜನೆ ಎರಡನೇ ವಾರಕ್ಕೇ ಬೀಳುತ್ತದೆ.

ಮನೆಯವರ ಜೊತೆ ಮಾತು

ಭೇಟಿ ಶಾಲೆಯಲ್ಲಲ್ಲ, ಮನೆಯಲ್ಲಿ. ಅಮ್ಮ ಕೆಲಸಕ್ಕೆ ಹೊರಡುವ ಮೊದಲು, ಸಂಜೆ ಐದಕ್ಕೆ. ಜೊತೆಗೆ ಶಾಲೆಯ ದುಭಾಷಿ. ಮಗನನ್ನೇ ದುಭಾಷಿ ಮಾಡಿಕೊಂಡರೆ ಎರಡು ಕೇಡು: ತನಗೆ ಬೇಡದ್ದನ್ನು ಅವನು ದಾಟಿಸುವುದಿಲ್ಲ, ಅಪ್ಪನಿಗೆ ಮಗನ ಮುಂದೆ ಚಿಕ್ಕವನಾದ ಭಾವ. ಸ್ಪ್ಯಾನಿಷ್‌ನಲ್ಲೂ ನಮ್ಮಲ್ಲಿಯಂತೆ ನೀನು-ನೀವು ಉಂಟು, 'ತು' ಮತ್ತು 'ಉಸ್ತೆದ್'. ಶಾಲೆಯವರು ಅರೆಬರೆ ಕಲಿತ ಸ್ಪ್ಯಾನಿಷ್‌ನಲ್ಲಿ ಅಪ್ಪನಿಗೆ 'ತು' ಅಂದುಬಿಟ್ಟರೆ, ಊರಗೌಡರಿಗೆ "ಏನಯ್ಯಾ" ಅಂದಂತೆ. ಅಲ್ಲಿಗೆ ಮಾತು ಮುಗಿಯಿತು.

ಅಮ್ಮ ಹೇಳಿದ್ದು: "ಅವನಿಗೆ ದಿನಾ ಹೇಳ್ತೀನಿ, ಎಚಾಲೆ ಗಾನಾಸ್." ಮನಸ್ಸಿಟ್ಟು ಮಾಡು ಮಗನೇ ಎಂಬರ್ಥದ ಮಾತು, ಮೆಕ್ಸಿಕನ್ ಮನೆಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕೇಳಿಬರುವಂಥದ್ದು. ಆಸೆ ಇತ್ತು, ಮನಸ್ಸಿಟ್ಟು ಏನನ್ನು ಮಾಡಬೇಕು ಎಂಬುದು ಗೊತ್ತಿರಲಿಲ್ಲ. 72 ಅಂಕ ಬಂದೂ ಕ್ರೆಡಿಟ್ ಇಲ್ಲ ಎಂಬುದನ್ನು ಹಳದಿ ಹಾಳೆ ತೋರಿಸಿ ವಿವರಿಸಿದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಶುಕ್ರವಾರ ಎಷ್ಟು ತಪ್ಪಿಸಬಹುದು?" ಉತ್ತರವೂ ನೇರ: ಸೆಮಿಸ್ಟರಿಗೆ ಎಂಟು ದಿನ, ಜ್ವರ ನೆಗಡಿ ಸೇರಿ. ಹಾಗಾಗಿ ಕೆಲಸಕ್ಕೆಂದು ಮೂರಕ್ಕಿಂತ ಹೆಚ್ಚು ಬೇಡ.

ಸೋದರಮಾವನನ್ನೂ ಕರೆಸಿದ್ದರು. ಬಹಳ ಸಲಹೆಗಾರರು ಈ ಹೆಜ್ಜೆ ಬಿಡುತ್ತಾರೆ. ಹುಡುಗನ ಶುಕ್ರವಾರ ಯಾರ ಕೈಯಲ್ಲಿದೆಯೋ ಅವರಿಲ್ಲದ ಸಭೆಯಿಂದ ಏನೂ ಹುಟ್ಟದು. ಫೆಡರಲ್ ಕಾನೂನಿನಲ್ಲಿ 16 ತುಂಬಿದವರ ದುಡಿಮೆಗೆ ಗಂಟೆಯ ಮಿತಿಯಿಲ್ಲ, ಆದರೆ ಛಾವಣಿ ಹೊದಿಸುವ ಕೆಲಸ ಅಪಾಯಕಾರಿ ಪಟ್ಟಿಯಲ್ಲಿದೆ, 18 ತುಂಬುವವರೆಗೆ ನಿಷಿದ್ಧ. ಮಾವನಿಗೆ ಇದು ಗೊತ್ತಿರಲಿಲ್ಲ. ದಂಡದ ಬೆದರಿಕೆ ಹಾಕಲಿಲ್ಲ; ಬಿದ್ದು ಪೆಟ್ಟುಮಾಡಿಕೊಂಡ ಭಾವ ಅಲ್ಲೇ ಕೂತಿದ್ದ, ಅದಕ್ಕಿಂತ ಹೇಳುವುದೇನಿತ್ತು. ಶನಿವಾರ, ಭಾನುವಾರಕ್ಕೆ ಒಂದು ದಿನಸಿ ಅಂಗಡಿಯಲ್ಲಿ ಕೆಲಸ ಹುಡುಕಿಕೊಳ್ಳಲು ಒಪ್ಪಂದವಾಯಿತು.

ಎರಡನೆಯ ಸಲ ಮೆಂಟರ್

ಈ ಬಾರಿ ಒಬ್ಬರಿಗೆ ಒಬ್ಬರು ಎನ್ನದೆ ಗುಂಪು ಮಾಡಿದರು. ಏಳು ಹುಡುಗರು, ಇಬ್ಬರು ಕಾಲೇಜು ಮೆಂಟರ್‌ಗಳು, ವಾರಕ್ಕೊಮ್ಮೆ 45 ನಿಮಿಷ, ಶಾಲೆಯ ವೇಳೆಯಲ್ಲೇ. ಒಬ್ಬನಿಗೆ ಪರೀಕ್ಷೆ ಬಂದರೆ ಇನ್ನೊಬ್ಬ ಇರುತ್ತಾನೆ. ಬಾರದ ವಾರಗಳನ್ನು, ಡಿಸೆಂಬರ್ ಪರೀಕ್ಷೆ ಮತ್ತು ಮಾರ್ಚ್ ರಜೆ ಸೇರಿಸಿ, ಮೊದಲ ದಿನವೇ ಕ್ಯಾಲೆಂಡರಿನಲ್ಲಿ ಗುರುತಿಸಿ ಹುಡುಗರ ಕೈಗೆ ಕೊಟ್ಟರು. ಮುಂಚೆಯೇ ಹೇಳಿ ತಪ್ಪಿಸಿದ ವಾರ ಹುಡುಗರನ್ನು ನೋಯಿಸುವುದಿಲ್ಲ.

ಮೆಂಟರ್‌ಗಳಿಗೆ ಕೊಟ್ಟ ಸೂಚನೆಗಳು ಕಟ್ಟುನಿಟ್ಟು. ಮೊದಲ ನಾಲ್ಕು ವಾರ ಅಂಕದ ಮಾತೇ ಬೇಡ. ಪೋಷಕರ ಲಿಖಿತ ಒಪ್ಪಿಗೆಯಿಲ್ಲದೆ ಅಂಕಪಟ್ಟಿ ನೋಡುವಂತಿಲ್ಲ. ಹಣ ಕೊಡಬಾರದು, ಕಾರಿನಲ್ಲಿ ಕರೆದೊಯ್ಯಬಾರದು, ರಾತ್ರಿ ಖಾಸಗಿ ಮೆಸೇಜು ಬೇಡ. ಕುಟುಂಬದ ವಲಸೆ ಕಾಗದಪತ್ರದ ಬಗ್ಗೆ ಕೇಳಲೇಬಾರದು. ಹುಡುಗ ತಾನಾಗಿ ಹೇಳಿದರೆ ಭೇಟಿಯ ಟಿಪ್ಪಣಿಯಲ್ಲಿ ಬರೆಯಬಾರದು. ಟೆಕ್ಸಸ್‌ನದೇ ಕಾನೂನೊಂದನ್ನು ರದ್ದುಮಾಡಿದ ಅಮೆರಿಕದ ಸುಪ್ರೀಂ ಕೋರ್ಟಿನ 1982ರ ಪ್ಲೈಲರ್ ವರ್ಸಸ್ ಡೋ ತೀರ್ಪಿನ ಪ್ರಕಾರ, ಕಾಗದವಿಲ್ಲ ಎಂಬ ಕಾರಣಕ್ಕೆ ಮಗುವಿಗೆ ಸರ್ಕಾರಿ ಶಾಲೆಯ ಬಾಗಿಲು ಮುಚ್ಚುವಂತಿಲ್ಲ. ಆದರೂ ಬಾಯಿತಪ್ಪಿದ ಒಂದು ಪ್ರಶ್ನೆಗೆ ಇಡೀ ಮನೆ ಶಾಲೆಯಿಂದ ದೂರ ಸರಿದುಬಿಡುತ್ತದೆ. ಹೊಡೆತ, ಆತ್ಮಹತ್ಯೆಯ ಮಾತು ಬಂದರೆ ಮಾತ್ರ ಗುಟ್ಟು ಕಾಯುವ ಭರವಸೆ ಕೊಡಬೇಡಿ, ಅಂದೇ ಸಲಹೆಗಾರರಿಗೆ ತಿಳಿಸಿ.

ಡಾಲಸ್, ಆಸ್ಟಿನ್ ಕಡೆ ಕಂಪನಿಯ ಸ್ವಯಂಸೇವೆಯ ಲೆಕ್ಕದಲ್ಲಿ ಇಂಥ ಗುಂಪಿಗೆ ಹೋಗುವ ನಮ್ಮವರಿಗೆ ಒಂದು ಮಾತು. ಮೊದಲ ದಿನವೇ "ಎಂಜಿನಿಯರಿಂಗ್ ಯಾಕೆ ಮಾಡಬಾರದು?" ಎಂದು ಕೇಳಬೇಡಿ. ಹುಡುಗನಿಗೆ ಅದು ಕೇಳಿಸುವುದು "ನಿಮ್ಮಪ್ಪನ ಕೆಲಸ ಕೀಳು" ಎಂದು.

ಐದನೆಯ ವಾರ, ಸಿವಿಲ್ ಓದುತ್ತಿದ್ದ ಮೆಂಟರ್ ಒಂದು ಲೆಕ್ಕ ಹಾಕಿದ. ನೆಲದ ಅಳತೆ 1,500 ಚದರಡಿ, ಛಾವಣಿಯ ಇಳಿಜಾರು 12ಕ್ಕೆ 6. ಛಾವಣಿಗೆ ಹೊದಿಸುವ ಬಿಲ್ಲೆಗಳ, ಅಂದರೆ ಶಿಂಗಲ್‌ಗಳ, ಎಷ್ಟು ಕಟ್ಟು ಬೇಕು? ಡಿಯೇಗೊ ಕಾಗದ ಮುಟ್ಟಲಿಲ್ಲ. "ಐವತ್ತಾರು" ಎಂದ. ಹೇಗೆ ಎಂದರೆ ವಿವರಿಸಲು ಬರದು. ಮಾವ ಹಾಗೆ ಲೆಕ್ಕ ಮಾಡುತ್ತಾನೆ, ಅಷ್ಟೇ. ಇಬ್ಬರೂ ಕೂತು ಬಿಡಿಸಿದರು. 12 ಇಂಚು ಅಡ್ಡ ಹೋದರೆ 6 ಇಂಚು ಏರು. ಓರೆ ಉದ್ದ 180ರ ವರ್ಗಮೂಲ, ಸುಮಾರು 13.42. ಅದನ್ನು 12ರಿಂದ ಭಾಗಿಸಿದರೆ 1.118. ನೆಲದ ಅಳತೆಗೆ ಗುಣಿಸಿದರೆ 1,677 ಚದರಡಿ, ಕತ್ತರಿಸಿ ಹಾಳಾಗುವುದಕ್ಕೆ ಶೇ. 10 ಸೇರಿ 1,845. ನೂರು ಚದರಡಿಗೆ ಮೂರು ಕಟ್ಟು. ಐವತ್ತಾರೇ. ಆಮೇಲೆ ಮೆಂಟರ್ ಪಠ್ಯಪುಸ್ತಕದಲ್ಲಿ 'ಸ್ಲೋಪ್' (ಇಳಿಜಾರು) ಅಧ್ಯಾಯ ತೆರೆದು ತೋರಿಸಿದ: 6 ಭಾಗಿಸು 12, ಅರ್ಧ. ಹೋಂವರ್ಕಿನಲ್ಲಿ ಸೊನ್ನೆ ಬಂದದ್ದು ಅದೇ ಅಧ್ಯಾಯಕ್ಕೆ, ಅದನ್ನು ಪಾಠಮಾಡಿದ್ದು ಎರಡು ಶುಕ್ರವಾರ.

ಈಗ ಎಲ್ಲಿದೆ

ಎರಡೂವರೆಯಲ್ಲಿ ಎರಡು ಕ್ರೆಡಿಟ್ ವಾಪಸ್ ಬಂತು, ಹತ್ತನೆಯವರ ಪಟ್ಟಿಗೆ ಹೆಸರು ಸೇರಿತು. ಅರ್ಧ ಕ್ರೆಡಿಟ್ ಬರಲಿಲ್ಲ: ಆ ಶಿಕ್ಷಕರು ಬೇರೆ ಶಾಲೆಗೆ ಹೋಗಿದ್ದರು, ಬಾಕಿ ಅಸೈನ್‌ಮೆಂಟ್ ಯಾವುದೆಂದು ಹೇಳುವವರೇ ಇರಲಿಲ್ಲ. ಹೊಸ ಸೆಮಿಸ್ಟರಿನಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಒಂದೂ ಶುಕ್ರವಾರ ತಪ್ಪಲಿಲ್ಲ.

ಏಪ್ರಿಲ್‌ನಲ್ಲಿ ಆಲಿಕಲ್ಲು ಮಳೆ ಹೊಡೆಯಿತು. ಟೆಕ್ಸಸ್‌ನಲ್ಲಿ ಆಲಿಕಲ್ಲು ಬಿತ್ತೆಂದರೆ ಛಾವಣಿ ಕೆಲಸದವರಿಗೆ ಸುಗ್ಗಿ. ವಿಮೆ ಕಂಪನಿಗಳು ಹಣ ಬಿಡುತ್ತವೆ, ಆಳು ಸಿಗುವುದಿಲ್ಲ. ಮಾವ ಫೋನ್ ಮಾಡಿದ. ಡಿಯೇಗೊ ಎರಡು ಶುಕ್ರವಾರ ಹೋದ, ಮೂರನೆಯದಕ್ಕೆ ಮುಂಚಿನ ದಿನ ತಾನೇ ಮೆಂಟರಿಗೆ ಹೇಳಿದ: "ಇದು ಮೂರನೆಯದು, ನನ್ನ ಕೋಟಾ ಮುಗಿಯುತ್ತೆ." ಛಾವಣಿ ಹತ್ತಿದ್ದರ ಬಗ್ಗೆ ಸಲಹೆಗಾರರು ಮಾವನ ಜೊತೆ ಮತ್ತೆ ಕೂತು ಮಾತಾಡಬೇಕಾಯಿತು; ಈ ಸಲ ಮಾತು ಅಷ್ಟು ಮೆದುವಾಗಿರಲಿಲ್ಲ. ಆ ಮೂರನೇ ಶುಕ್ರವಾರ ಹುಡುಗ ಶಾಲೆಗೇ ಬಂದ.

ಸಿವಿಲ್ ಓದುತ್ತಿದ್ದ ಮೆಂಟರ್ ಮೇ ತಿಂಗಳಲ್ಲಿ ಪದವಿ ಮುಗಿಸುತ್ತಾನೆ. ಇದನ್ನು ಫೆಬ್ರುವರಿಯಲ್ಲೇ ಹುಡುಗರಿಗೆ ಹೇಳಿ, ಅವನ ಜಾಗಕ್ಕೆ ಬರುವವನನ್ನು ಏಪ್ರಿಲ್‌ನ ಕೊನೆಯ ನಾಲ್ಕು ಭೇಟಿಗಳಲ್ಲಿ ಜೊತೆಗೇ ಕೂರಿಸಿದ್ದಾರೆ. ಹೊಸಬನಿಗೆ ಶಿಂಗಲ್ ಲೆಕ್ಕ ಬರಲಿಲ್ಲ. ಡಿಯೇಗೊ ಹೇಳಿಕೊಡುತ್ತಿದ್ದಾನೆ.