ಸತ್ತ ದನಕ್ಕೆ ಸಾಕ್ಷಿ ಹೇಳುವವರು ಯಾರು?

ಓದುಗರ ಪತ್ರ: ಅಮೆರಿಕದ ದಕ್ಷಿಣ ಡಕೋಟ ರಾಜ್ಯದ ದನಗಾರರಿಗೆ 2013ರ ಹಿಮಗಾಳಿಯ ನಂತರ ಸರ್ಕಾರ ಪರಿಹಾರ ಕೊಟ್ಟ ಬಗ್ಗೆ ಬರೆದಿದ್ದೀರಿ. ಸಾವಿರಾರು ಎಕರೆಯ ಒಡೆಯರ ನಷ್ಟವನ್ನೂ ತೆರಿಗೆದಾರರೇ ತುಂಬಿಕೊಡಬೇಕೇ? ನನ್ನ ಅಂಗಡಿಗೆ ಬೆಂಕಿ ಬಿದ್ದರೆ ಯಾರು ಕೊಡುತ್ತಾರೆ? ಅವರೂ ವಿಮೆ ಮಾಡಿಸಿಕೊಳ್ಳಲಿ. — ಒಬ್ಬ ವ್ಯಾಪಾರಿ, ದಾವಣಗೆರೆ

ಸಂಪಾದಕರ ಉತ್ತರ: ತಮ್ಮ ಪ್ರಶ್ನೆ ನ್ಯಾಯವಾದದ್ದೇ. ಸಬ್ಸಿಡಿಯ ನಲ್ಲಿಯಲ್ಲಿ ನೀರು ಬಂದಾಗ ದೊಡ್ಡವರ ಕೊಡವೇ ಮೊದಲು ತುಂಬುತ್ತದೆ ಎಂಬ ಸಂಶಯಕ್ಕೂ ಆಧಾರವಿದೆ. ಅದಕ್ಕೆಂದೇ ಅಲ್ಲಿನ 2014ರ ಕೃಷಿ ಕಾಯ್ದೆಯು ಇಂಥ ಪರಿಹಾರಗಳಿಗೆಲ್ಲ ಸೇರಿ ಆಗ ಒಬ್ಬರಿಗೆ ವರ್ಷಕ್ಕೆ 1,25,000 ಡಾಲರ್ ಮಿತಿ ಹಾಕಿತ್ತು. ಆದರೆ ಇಷ್ಟು ಚೊಕ್ಕವಾಗಿ ಬರೆಯಬಲ್ಲ ತಾವು ಲೇಖನವನ್ನು ಮಾತ್ರ ಅವಸರದಲ್ಲಿ ಓದಿದಂತಿದೆ.

ಆ ಅಕ್ಟೋಬರ್ ಮೊದಲ ವಾರದಲ್ಲಿ ಮೊದಲು ಬಂದದ್ದು ಮಳೆ. ದನಗಳು ಇನ್ನೂ ಬೇಸಿಗೆಯ ಹುಲ್ಲುಗಾವಲಿನಲ್ಲಿದ್ದವು, ಮೈಮೇಲೆ ಚಳಿಗಾಲದ ದಪ್ಪ ರೋಮ ಬಂದಿರಲಿಲ್ಲ. ತೊಯ್ದು ತೊಪ್ಪೆಯಾದ ಮೈಗೆ ಹಿಮ ಬಡಿಯಿತು. ಗಾಳಿಗೆ ಬೆನ್ನು ಕೊಟ್ಟು ಮೈಲಿಗಟ್ಟಲೆ ನಡೆದ ಹಿಂಡುಗಳು ಬೇಲಿಯ ಮೂಲೆಗಳಲ್ಲಿ, ಹಳ್ಳಗಳಲ್ಲಿ ಒಂದರ ಮೇಲೊಂದು ಬಿದ್ದು ಸತ್ತವು. ಹೀಗೆ ಹೋದವು ಹತ್ತಾರು ಸಾವಿರ. ಅವುಗಳಲ್ಲಿ ಕೆಲವೇ ವಾರಗಳಲ್ಲಿ ಮಾರಾಟವಾಗಬೇಕಿದ್ದ ಕರುಗಳೂ ಇದ್ದವು, ಎಂದರೆ ಇಡೀ ವರ್ಷದ ಸಂಪಾದನೆ. ಇದರಲ್ಲಿ ದನಗಾರನ ಅಜಾಗರೂಕತೆ ಎಲ್ಲಿದೆ?

ಆಗ ಪರಿಹಾರ ಯೋಜನೆಯೇ ಊರ್ಜಿತದಲ್ಲಿರಲಿಲ್ಲ. ಅದರ ಅವಧಿ 2011ರಲ್ಲೇ ಮುಗಿದಿತ್ತು. ಮೇಲಾಗಿ ವಾಷಿಂಗ್ಟನ್ನಿನ ಜಗಳದಿಂದ ಅಕ್ಟೋಬರ್ 1ರಿಂದ ಸರ್ಕಾರಿ ಕಚೇರಿಗಳಿಗೆ ಬೀಗ ಬಿದ್ದಿತ್ತು. 2014ರ ಫೆಬ್ರುವರಿಯಲ್ಲಿ ಕಾಯ್ದೆ ಬಂದು, ಹಿಂದಿನ ನಷ್ಟಕ್ಕೂ ಅನ್ವಯವಾಗಿ, ಮಾರುಕಟ್ಟೆ ಬೆಲೆಯ ಶೇ. 75ರಷ್ಟು ಸಿಕ್ಕಿತು. ಅಲ್ಲಿಯವರೆಗೆ ಕೈಹಿಡಿದವರಲ್ಲಿ ತಮ್ಮ ಮಂದೆಯ ಕಡಸುಗಳನ್ನೇ ದಾನ ಕೊಟ್ಟ ಬೇರೆ ರಾಜ್ಯಗಳ ದನಗಾರರಿದ್ದರು.

ನನಗೆ ಮುಖ್ಯವೆನಿಸುವುದು ಸಾಕ್ಷಿಯ ವಿಚಾರ. ಹೂಳುವ ಮುಂಚೆ ಪ್ರತಿ ದನದ ಫೋಟೋ ತೆಗೆದು, ಕಿವಿಯೋಲೆಯ (ಗುರುತಿಗೆಂದು ದನದ ಕಿವಿಗೆ ಹಾಕುವ ಬಿಲ್ಲೆಯ) ಸಂಖ್ಯೆ ಬರೆದಿಟ್ಟುಕೊಳ್ಳಿ ಎಂದು ಅಲ್ಲಿ ಹೇಳಿದರು. ದಾಖಲೆ ಸಾಲದೇ ಹೋದಾಗ, ನಷ್ಟವನ್ನು ಬಲ್ಲ, ಅದರಲ್ಲಿ ಪಾಲಿಲ್ಲದ ಮೂರನೆಯವರ ಲಿಖಿತ ಹೇಳಿಕೆಗೂ ಯೋಜನೆಯಲ್ಲಿ ಅವಕಾಶವಿದೆ. ಸಂಕಟದಲ್ಲಿರುವವನನ್ನು ಮೊದಲು ನಂಬಿ, ಆಮೇಲೆ ತನಿಖೆ ಮಾಡುವ ಈ ಕ್ರಮ ನಮ್ಮಲ್ಲಿ ಏಕಿಲ್ಲ ಎಂದು ಈ ಅಂಕಣದಲ್ಲಿ ಕೇಳುತ್ತಲೇ ಬಂದಿದ್ದೇನೆ, ಇನ್ನೂ ಕೇಳುತ್ತೇನೆ.

ನಮ್ಮ ವಿಪತ್ತು ಪರಿಹಾರ ನಿಧಿಯ 2022–26ರ ಮಾರ್ಗಸೂಚಿಯಲ್ಲಿ ಹಾಲು ಕೊಡುವ ಹಸು, ಎಮ್ಮೆಗೆ 37,500 ರೂಪಾಯಿ, ಕುರಿ, ಮೇಕೆಗೆ 4,000. ಕುಟುಂಬವೊಂದಕ್ಕೆ 3 ದೊಡ್ಡ ಪ್ರಾಣಿ ಅಥವಾ 30 ಸಣ್ಣ ಪ್ರಾಣಿಗಳ ಮಿತಿ. ನೂರು ಕುರಿಗಳನ್ನು ಹೊಳೆಗೆ ಕೊಟ್ಟ ಕುರಿಗಾಹಿಯ 31ನೆಯ ಕುರಿಗೆ ಬೆಲೆಯೇ ಇಲ್ಲ. ಇನ್ನು ಮರಣೋತ್ತರ ಪರೀಕ್ಷೆಯ ವರದಿ ತರಬೇಕೆಂದರೆ, ಮೇವು ಅರಸಿ ಜಿಲ್ಲೆಯಿಂದ ಜಿಲ್ಲೆಗೆ ಹೋಗುವವನಿಗೆ ಗೊತ್ತಿಲ್ಲದ ಊರಿನಲ್ಲಿ ಪಶುವೈದ್ಯರು ಸಿಗಬೇಕು. ಆ ಹುದ್ದೆಗಳನ್ನು ವರ್ಷಗಟ್ಟಲೆ ಖಾಲಿ ಬಿಟ್ಟ ವ್ಯವಸ್ಥೆಯೇ ಅವನ ಬಳಿ ವೈದ್ಯರ ಸಹಿ ಕೇಳುತ್ತದೆ. ಬ್ಯಾಂಕುಗಳು ಉದ್ಯಮಿಗಳ ಸಾಲವನ್ನು ರೈಟ್ ಆಫ್ ಮಾಡುವಾಗ, ಎಂದರೆ ವಸೂಲಾಗದ್ದೆಂದು ಲೆಕ್ಕದಿಂದ ತೆಗೆಯುವಾಗ, ಇಷ್ಟು ಕಸಿವಿಸಿಗೊಳ್ಳದ ನಾವು, ಕುರಿಯ ಲೆಕ್ಕ ಬಂದ ಕೂಡಲೇ ತೆರಿಗೆದಾರರಾಗಿಬಿಡುತ್ತೇವೆ.

ವಿಮೆ ಮಾಡಿಸಲಿ ಎಂದಿರಿ, ಮಾಡಿಸಲಿ. ಆದರೆ ಜಾನುವಾರು ವಿಮೆಯ ಪರಿಹಾರ ಕೇಳುವಾಗ ಸತ್ತ ಪ್ರಾಣಿಯ ಕಿವಿಯೋಲೆ ಒಪ್ಪಿಸಬೇಕು. ಹೊಳೆ ಕುರಿಯನ್ನು ಒಯ್ಯುವಾಗ ಓಲೆಯನ್ನು ಬಿಚ್ಚಿಟ್ಟು ಹೋಗುವುದಿಲ್ಲ.