ಚಾಲಕರ ನಡವಳಿಕೆ ಕುರಿತು ಓದಬೇಕು, ಎಲ್ಲಿ ಸೇರಲಿ?

ಪ್ರಶ್ನೆ: ಧಾರವಾಡದಲ್ಲಿ ಮನೋವಿಜ್ಞಾನ ಎಂ.ಎ. ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಅಪ್ಪ ಸಾರಿಗೆ ಬಸ್ ಚಾಲಕರು. ಚಾಲಕರ ನಡವಳಿಕೆ ಮತ್ತು ರಸ್ತೆ ಸುರಕ್ಷತೆಯ ಬಗ್ಗೆ ಮುಂದೆ ಓದುವ ಆಸೆ. ಮೇಷ್ಟ್ರುಗಳೆಲ್ಲ ಕೌನ್ಸೆಲಿಂಗ್ ಕಡೆ ಹೋಗು ಅನ್ನುತ್ತಾರೆ. ಈ ವಿಷಯಕ್ಕೆ ಕೋರ್ಸ್ ಎಲ್ಲಿದೆ? ಓದಿದರೆ ಕೆಲಸ ಸಿಗುತ್ತದೆಯೇ?
– ಹೆಸರು ಬೇಡ, ಗದಗ ಜಿಲ್ಲೆ

ಉತ್ತರ: ಆಸೆ ಬಿಡಬೇಡಿ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇದು ಕೇಂದ್ರ ಸಾರಿಗೆ ಸಚಿವಾಲಯದ್ದೇ ಲೆಕ್ಕ. ಇಷ್ಟು ದೊಡ್ಡ ಸಂಕಟದ ಮುಂದೆ ಈ ವಿಷಯ ಓದಿದವರು ನಮ್ಮಲ್ಲಿ ಬೆರಳೆಣಿಕೆಯಷ್ಟು.

ಕೋರ್ಸಿನ ಹೆಸರು ಹುಡುಕುವುದಕ್ಕಿಂತ ಮಾರ್ಗದರ್ಶಕರನ್ನು ಹುಡುಕಿ. ನಮ್ಮಲ್ಲಿ ಈ ವಿಷಯಕ್ಕೆ ದಾರಿ ಹೆಚ್ಚಾಗಿ ಪಿಎಚ್‌.ಡಿ. ಮೂಲಕವೇ. ಬೆಂಗಳೂರಿನ ನಿಮ್ಹಾನ್ಸ್‌ನ ಸಾಂಕ್ರಾಮಿಕಶಾಸ್ತ್ರ (ಎಪಿಡೆಮಿಯಾಲಜಿ; ರೋಗವಷ್ಟೇ ಅಲ್ಲ, ಗಾಯಗಳೂ ಜನರಲ್ಲಿ ಎಷ್ಟು, ಯಾಕೆ ಎಂದು ಅಳೆಯುವ ಶಾಸ್ತ್ರ) ವಿಭಾಗವನ್ನು ಮೊದಲು ನೋಡಿ. ಹೆಲ್ಮೆಟ್, ಕುಡಿದು ಓಡಿಸುವುದು, ತಲೆಪೆಟ್ಟು ಇವುಗಳ ಬಗ್ಗೆ ಅಲ್ಲಿ ದಶಕಗಳಿಂದ ಕೆಲಸ ನಡೆದಿದೆ. ದೆಹಲಿ ಐಐಟಿಯಲ್ಲಿ ಸಾರಿಗೆ ಮತ್ತು ಗಾಯ ತಡೆಗೆಂದೇ ಒಂದು ಸಂಶೋಧನಾ ಕೇಂದ್ರವಿದೆ; ಅಲ್ಲಿ ದುಡಿದ ಸಂಶೋಧಕರಾದ ದಿನೇಶ್ ಮೋಹನ್ ಮತ್ತು ಗೀತಂ ತಿವಾರಿಯವರ ಬರಹಗಳನ್ನು ಓದದೆ ಅಲ್ಲಿಗೆ ಅರ್ಜಿ ಹಾಕಬೇಡಿ. ದೆಹಲಿಯಲ್ಲೇ ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆಯೂ ಇದೆ. ಹೊರದೇಶಕ್ಕೆ ಹೋಗಬಲ್ಲಿರಾದರೆ ಆಸ್ಟ್ರೇಲಿಯಾದ ಮೊನಾಶ್, ಇಂಗ್ಲೆಂಡಿನ ಲೀಡ್ಸ್, ಜರ್ಮನಿಯ ಡ್ರೆಸ್ಡೆನ್ ವಿಶ್ವವಿದ್ಯಾಲಯಗಳು ಈ ಕ್ಷೇತ್ರದಲ್ಲಿ ಹಳಬರು. ಮನೋವಿಜ್ಞಾನದವರನ್ನು ಯಾವ ವಿಭಾಗ ತೆಗೆದುಕೊಳ್ಳುತ್ತದೆ, ಈ ವರ್ಷ ಯಾರ ಬಳಿ ಜಾಗವಿದೆ ಎಂಬುದನ್ನು ನೇರವಾಗಿ ಇಮೇಲ್ ಬರೆದು ಕೇಳಿ. ಪತ್ರದಲ್ಲಿ ನಿಮ್ಮದೇ ಒಂದು ಪ್ರಶ್ನೆ ಇರಲಿ.

ಆ ಪ್ರಶ್ನೆ ಎಂಥದ್ದಿರಬೇಕು ಎಂಬುದೇ ನನಗೆ ಮುಖ್ಯ. ಅಪಘಾತದ ಎಫ್‌ಐಆರ್ ಯಾವುದನ್ನಾದರೂ ತೆಗೆದು ಓದಿ, 'ಅತಿವೇಗ ಮತ್ತು ನಿರ್ಲಕ್ಷ್ಯತನದಿಂದ ಚಲಾಯಿಸಿ' ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಠಾಣೆಗಳಿಂದ ಬಂದ ಇಂಥ ದಾಖಲೆಗಳನ್ನು ಒಟ್ಟುಗೂಡಿಸಿಯೇ, 2022ರ ಸಾವುಗಳಲ್ಲಿ ಶೇ 71.2ಕ್ಕೆ ಅತಿವೇಗ ಕಾರಣ ಎಂದು ಅದೇ ಸಚಿವಾಲಯದ ವಾರ್ಷಿಕ ವರದಿ ಹೇಳಿತು. ವೇಗ ಕೊಲ್ಲುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಚಾಲಕ ಯಾಕೆ ಅಷ್ಟು ವೇಗವಾಗಿ ಹೋದ ಎಂಬುದನ್ನು ಯಾವ ಫಾರಂನ ಯಾವ ಕಾಲಂ ಕೇಳುತ್ತದೆ? ನಿಮ್ಮ ಅಪ್ಪನನ್ನೇ ಕೇಳಿ ನೋಡಿ. ಶೆಡ್ಯೂಲಿನಲ್ಲಿ ಕೊಟ್ಟ ರನ್ನಿಂಗ್ ಟೈಮ್ ಈಗಿನ ಟ್ರಾಫಿಕ್‌ಗೆ ಸಾಲುತ್ತದೆಯೇ, ನೈಟ್ ಔಟ್ ಡ್ಯೂಟಿಯಲ್ಲಿ ಬಸ್ಸಿನೊಳಗೆ ಎಷ್ಟು ಗಂಟೆ ನಿದ್ದೆ ಆಗುತ್ತದೆ, ಕೆಎಂಪಿಎಲ್ (ಲೀಟರ್ ಡೀಸೆಲ್‌ಗೆ ಓಡಿದ ಕಿಲೋಮೀಟರ್) ಕಡಿಮೆ ಬಂದರೆ ಡಿಪೊದಲ್ಲಿ ಏನನ್ನುತ್ತಾರೆ. ಪಿಎಚ್‌.ಡಿ.ಗೆ ಬೇಕಾದ ಪ್ರಶ್ನೆ ಆ ಉತ್ತರಗಳಲ್ಲೇ ಸಿಗಬಹುದು. ಚಾಲಕನ ತಲೆಯೊಳಗೆ ಮಾತ್ರ ಇಣುಕಿ, ರಸ್ತೆ, ಪಾಳಿ, ಸಂಬಳ ಬಿಟ್ಟುಬಿಡುವ ಸಂಶೋಧನೆ ಕೊನೆಗೆ ಎಫ್‌ಐಆರ್‌ನ ಆ ಸಾಲನ್ನೇ ದೊಡ್ಡ ಮಾತುಗಳಲ್ಲಿ ಮತ್ತೆ ಬರೆಯುತ್ತದೆ. ಆ ಹಾದಿ ಹಿಡಿಯಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಈಗಲೇ ಕಲಿಯಬೇಕಾದವು ಎರಡು. ಒಂದು, ಸಂಖ್ಯಾಶಾಸ್ತ್ರ. ರಿಗ್ರೆಷನ್, ಫ್ಯಾಕ್ಟರ್ ಅನಾಲಿಸಿಸ್ ಬಾರದೆ ಇಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಈ ಲೆಕ್ಕಗಳಿಗೆ ಬಳಸುವ 'ಆರ್' ಉಚಿತ ಸಾಫ್ಟ್‌ವೇರ್, ಇಂದೇ ಹಾಕಿಕೊಳ್ಳಿ.

ಇನ್ನೊಂದು, ಅಳತೆಗೋಲನ್ನು ಅನುಮಾನಿಸುವ ಅಭ್ಯಾಸ. ಈ ಕ್ಷೇತ್ರದಲ್ಲಿ ಬಹಳ ಬಳಕೆಯಲ್ಲಿರುವ ಚಾಲಕ ನಡವಳಿಕೆ ಪ್ರಶ್ನಾವಳಿಯನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಜೇಮ್ಸ್ ರೀಸನ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದರು. ಕೈತಪ್ಪಿ ಆಗುವ ತಪ್ಪು ಬೇರೆ, ಗೊತ್ತಿದ್ದೂ ನಿಯಮ ಮುರಿಯುವುದು ಬೇರೆ ಎಂದು ಅದು ತೋರಿಸಿತು. ವಯಸ್ಸಾದಂತೆ ನಿಯಮ ಮುರಿಯುವುದು ತಗ್ಗುತ್ತದೆ, ತಪ್ಪುಗಳು ತಗ್ಗುವುದಿಲ್ಲ. ಅಂದರೆ ದಂಡಕ್ಕೆ ಬಗ್ಗುವುದು ಒಂದು ಬಗೆ, ತರಬೇತಿ ಮತ್ತು ರಸ್ತೆ ವಿನ್ಯಾಸದಿಂದ ತಗ್ಗಿಸಬೇಕಾದದ್ದು ಇನ್ನೊಂದು ಬಗೆ. ಆದರೆ ಆ ಪ್ರಶ್ನಾವಳಿಯನ್ನು ಹಾಗೇ ಕನ್ನಡಕ್ಕೆ ಇಳಿಸಿದರೆ ಆಗದು. ಲೇನ್ ಬದಲಿಸುವಾಗ ಕನ್ನಡಿ ನೋಡಲು ಮರೆಯುತ್ತೀರಾ ಎಂದು ಲೇನೇ ಇಲ್ಲದ ರಸ್ತೆಯಲ್ಲಿ ಓಡಿಸುವವರನ್ನು ಕೇಳಿದರೆ ಅವರು ಏನೋ ಒಂದಕ್ಕೆ ಟಿಕ್ ಹಾಕುತ್ತಾರೆ. ಎದುರುಗಡೆಯಿಂದ ರಾಂಗ್ ಸೈಡಲ್ಲಿ ಬರುವ ಬೈಕು, ರಾತ್ರಿ ದೀಪವಿಲ್ಲದೆ ನಿಂತ ಕಬ್ಬಿನ ಟ್ರ್ಯಾಕ್ಟರ್, ಇವು ಆ ಪ್ರಶ್ನೆಗಳಲ್ಲಿ ಇಲ್ಲ. ಜೊತೆಗೆ, ಫಾರಂ ಹಂಚುವವರು ಡಿಪೊ ಮ್ಯಾನೇಜರ್ ಆದರೆ ನಿಜ ಬರೆಯುವ ಚಾಲಕ ಯಾರು? ನೀವೇ ಹೋಗಿ, ಹೆಸರು ಕೇಳದೆ, ಕ್ಯಾಂಟೀನಿನಲ್ಲಿ ಕೂತು ತುಂಬಿಸಿಕೊಳ್ಳಬೇಕು.

ಎಂ.ಎ. ಪ್ರಾಜೆಕ್ಟ್ ಇನ್ನೂ ಬಾಕಿಯಿದ್ದರೆ ಚಿಕ್ಕದೊಂದನ್ನು ಮಾಡಿ. ಗೆಳತಿಯೊಬ್ಬರೊಂದಿಗೆ ಸಿಗ್ನಲ್ ಬಳಿ ನಿಂತು ಬೈಕ್ ಸವಾರರ ಹೆಲ್ಮೆಟ್ ಪಟ್ಟಿ ಹಾಕಿದೆಯೇ, ಹಿಂದೆ ಕೂತವರಿಗೆ ಹೆಲ್ಮೆಟ್ ಇದೆಯೇ ಎಂದು ಬೇರೆಬೇರೆಯಾಗಿ ಗುರುತು ಹಾಕಿ. ಆಮೇಲೆ ಇಬ್ಬರ ಹಾಳೆಗಳು ಎಷ್ಟರಮಟ್ಟಿಗೆ ತಾಳೆಯಾಗುತ್ತವೆ, ನೋಡಿ. ಕಣ್ಣಾರೆ ಕಂಡದ್ದನ್ನು ದಾಖಲಿಸುವುದೂ ಎಷ್ಟು ಕಷ್ಟ ಎಂದು ಗೊತ್ತಾಗುತ್ತದೆ.

ಕೆಲಸದ ವಿಷಯ ಮುಚ್ಚಿಡುವುದಿಲ್ಲ. ಜರ್ಮನಿಯಲ್ಲಿ ವಿಪರೀತ ಕುಡಿದು ಓಡಿಸಿ ಸಿಕ್ಕಿಬಿದ್ದವರು ಲೈಸೆನ್ಸ್ ಮರಳಿ ಪಡೆಯಬೇಕಾದರೆ ವೈದ್ಯಕೀಯ-ಮನೋವೈಜ್ಞಾನಿಕ ಪರೀಕ್ಷೆ ದಾಟಬೇಕು, ಹಾಗಾಗಿ ಸಂಚಾರ ಮನೋವಿಜ್ಞಾನಿಗಳಿಗೆ ಅಲ್ಲಿ ಕೆಲಸವಿದೆ. ನಮ್ಮ ಆರ್‌ಟಿಒ ವ್ಯವಸ್ಥೆಯಲ್ಲಿ ಅಂಥ ಹುದ್ದೆ ಇಲ್ಲ. ಇರುವುದು ಸಂಶೋಧನಾ ಯೋಜನೆಗಳು, ಸಾರ್ವಜನಿಕ ಆರೋಗ್ಯ ಸಂಸ್ಥೆಗಳು, ಬೋಧನೆ, ಬೆಂಗಳೂರಿನ ವಾಹನ ಕಂಪನಿಗಳ ವಿನ್ಯಾಸ ತಂಡಗಳು. ಯೋಜನೆ ಮುಗಿದಾಗ ಸಂಬಳವೂ ನಿಲ್ಲುವ ಭಯವಿದೆ. ಅದಕ್ಕೇ ಯುಜಿಸಿಯ ನೆಟ್ ಪರೀಕ್ಷೆಯನ್ನು ಬಿಡಬೇಡಿ. ಕೈಯಲ್ಲಿ ಜೆಆರ್‌ಎಫ್ (ಆ ಪರೀಕ್ಷೆಯ ಮೂಲಕ ಸಿಗುವ ಸಂಶೋಧನಾ ಫೆಲೋಶಿಪ್) ಇದ್ದರೆ ಮಾರ್ಗದರ್ಶಕರೂ ಬೇಗ ಒಪ್ಪುತ್ತಾರೆ, ಮನೆಯವರೂ ಒಪ್ಪುತ್ತಾರೆ.

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರ್. ಈ ಕ್ಷೇತ್ರಕ್ಕೆ ಬರಬಹುದೇ?
– ಓದುಗ, ಶಿವಮೊಗ್ಗ

ಉತ್ತರ: ಖಂಡಿತ ಬನ್ನಿ. ಸಾರಿಗೆ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್. ಮಾಡಿ, ಚಾಲಕರ ನಡವಳಿಕೆಯನ್ನೇ ಪ್ರಬಂಧದ ವಿಷಯ ಮಾಡಿಕೊಳ್ಳಿ. ಸಾಮಾನ್ಯವಾಗಿ ಗೇಟ್ ಪರೀಕ್ಷೆ ಬರೆಯಬೇಕಾಗುತ್ತದೆ. ಸಂದರ್ಶನ ಮಾಡುವುದು, ಪ್ರಶ್ನಾವಳಿ ಕಟ್ಟುವುದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಹೇಳಿಕೊಡುವುದು ಕಡಿಮೆ, ಅದಕ್ಕೆ ಮನೋವಿಜ್ಞಾನದ ಸಹ-ಮಾರ್ಗದರ್ಶಕರೊಬ್ಬರನ್ನು ಮೊದಲ ವರ್ಷದಲ್ಲೇ ಕೇಳಿಕೊಳ್ಳಿ.